ಪ್ರಶ್ನೆ ಕೇಳದ ಪೆನ್‌ಡ್ರೈವ್

ಆ ಕಚೇರಿಯಲ್ಲಿ ಕಂಪ್ಯೂಟರ್‌ಗಳಿಗೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕುವ ಕೆಲಸ ಕಾಲ್ನಡಿಗೆಯಲ್ಲೇ ಆಗಬೇಕಿತ್ತು. ಬೇರೆ ಕಡೆಗಳಲ್ಲಿ ಒಂದು ಕೋಣೆಯಲ್ಲಿ ಕುಳಿತವನು ನೆಟ್‌ವರ್ಕ್ ಮೂಲಕವೇ ಇಡೀ ಕಟ್ಟಡದ ಕಂಪ್ಯೂಟರ್‌ಗಳನ್ನು ಎಬ್ಬಿಸಿ, ಹೊಸ ಸಿಸ್ಟಂ ತುಂಬಿಸಿ ಮನೆಗೆ ಹೋಗಬಹುದು. ಇಲ್ಲಿ ನೆಟ್‌ವರ್ಕ್ ವಿಭಾಗದ ಮುಖ್ಯಸ್ಥರು ಅದಕ್ಕೆ ಒಪ್ಪಿರಲಿಲ್ಲ. ದಾರಿಹೋಕನೊಬ್ಬ ಬಂದು ತನ್ನ ಲ್ಯಾಪ್‌ಟಾಪನ್ನು ಗೋಡೆಯ ಕೇಬಲ್ಲಿಗೆ ಸಿಕ್ಕಿಸಿದರೆ ಅವನಿಗೂ ನಮ್ಮ ಸಿಸ್ಟಂ ಧರ್ಮಕ್ಕೆ ಸಿಗುತ್ತದೆ ಎಂಬುದು ಅವರ ವಾದ. ವಾದದಲ್ಲಿ ಹುರುಳಿತ್ತು. ಅದರ ಭಾರ ಮಾತ್ರ ಒಬ್ಬನ ಕಾಲಿನ ಮೇಲೆ ಬಿತ್ತು.

ಅವನು ಗುತ್ತಿಗೆಯ ಟೆಕ್ನಿಷಿಯನ್. ಪೆನ್‌ಡ್ರೈವ್‌ಗಳನ್ನು ದಾರಕ್ಕೆ ಪೋಣಿಸಿ ಸೊಂಟಕ್ಕೆ ಕಟ್ಟಿಕೊಂಡು ಮೇಜಿನಿಂದ ಮೇಜಿಗೆ ಅಲೆಯುತ್ತಿದ್ದುದರಿಂದ ಕಚೇರಿಯವರು ಅವನಿಗೆ ಗೊಂಚಲು ಎಂದು ಹೆಸರಿಟ್ಟಿದ್ದರು. ಗೊಂಚಲು ಬಂದರೆ ಕುರ್ಚಿ ಬಿಟ್ಟೇಳಬೇಕು, ಎದ್ದರೆ ಕೆಲಸ ಮಾಡಬೇಕಾಗಿಲ್ಲ. ಹಾಗಾಗಿ ಅವನನ್ನು ಕಂಡರೆ ಎಲ್ಲರಿಗೂ ಇಷ್ಟ. ಅದೇ ದಾರದ ತುದಿಯಲ್ಲಿ ಅವನ ಮನೆಯ ಬೀಗದ ಕೈಯೂ ಇತ್ತು.

ನೆಟ್‌ವರ್ಕ್ ವಿಭಾಗದವರು ಮೊದಲು ಕೊಟ್ಟ ಪೆನ್‌ಡ್ರೈವ್ ಪ್ರತಿ ಕಂಪ್ಯೂಟರ್‌ನಲ್ಲೂ ನಿಂತು ನಿಂತು ಪ್ರಶ್ನೆ ಕೇಳುತ್ತಿತ್ತು. ಭಾಷೆ ಯಾವುದು, ಗಡಿಯಾರ ಎಲ್ಲಿಯದು, ಈ ಕಂಪ್ಯೂಟರ್‌ಗೆ ಏನು ಹೆಸರು. ಕೊನೆಗೆ, ಡಿಸ್ಕಿನಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ ಎಂದು. ಉತ್ತರಗಳು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಗೊಂಚಲು ಆ ಉತ್ತರಗಳನ್ನೆಲ್ಲ ಮುಂಚಿತವಾಗಿ ಒಂದು ಫೈಲಿನಲ್ಲಿ ಬರೆದು ಪೆನ್‌ಡ್ರೈವ್‌ನೊಳಗೇ ಇಟ್ಟುಬಿಟ್ಟ. ಆಮೇಲೆ ಅದು ಯಾರನ್ನೂ ಏನನ್ನೂ ಕೇಳಲಿಲ್ಲ. ಸಿಕ್ಕಿಸಿ ಗುಂಡಿ ಒತ್ತಿದರೆ ಹಳೆಯದನ್ನು ಒರೆಸಿ, ಹೊಸದನ್ನು ಬರೆದು, ಮುಗಿದ ಮೇಲೆ ಮೂರು ಸಲ ಬೀಪ್ ಎನ್ನುತ್ತಿತ್ತು. ಆ ಬೀಪ್ ಕೂಡ ಅವನದೇ ಸೇರ್ಪಡೆ. ಸ್ಕ್ರೀನೂ ಬೇಡ, ಕೀಬೋರ್ಡೂ ಬೇಡ, ಕಿವಿ ಒಂದಿದ್ದರೆ ಸಾಕು ಎಂದು ಅವನು ಕ್ಯಾಂಟೀನಿನಲ್ಲಿ ಹೇಳಿಕೊಂಡಿದ್ದುಂಟು.

ಆ ಶನಿವಾರ ಉಳಿದಿದ್ದದ್ದು ನೆಲಮಾಳಿಗೆಯ ದಾಖಲೆ ಕೋಣೆ ಮಾತ್ರ. ಹಳೆಯ ಸಿಸ್ಟಂ ಇರುವ ಒಂದು ಡಬ್ಬವೂ ಸೋಮವಾರ ಕಟ್ಟಡದಲ್ಲಿ ಇರಕೂಡದು ಎಂದು ಆದೇಶವಾಗಿತ್ತು. ಮಧ್ಯಾಹ್ನಕ್ಕೆ ಕಚೇರಿ ಖಾಲಿಯಾಯಿತು. ಗೇಟಿನ ಗಾರ್ಡ್ ಮತ್ತು ದಾಖಲೆಗಳನ್ನು ನೋಡಿಕೊಳ್ಳುವ ಹಿರಿಯ ಹೆಂಗಸು ಮಾತ್ರ ಉಳಿದರು. ಆಕೆಯನ್ನು ಎಲ್ಲರೂ ರೆಕಾರ್ಡು ಮೇಡಂ ಎನ್ನುತ್ತಿದ್ದರು. ನಿವೃತ್ತಿಗೆ ಹತ್ತಿರವಾದವರು. ತಾನಿಲ್ಲದೆ ಆ ಕೋಣೆಯಲ್ಲಿ ಬೇರೊಬ್ಬರು ಇರಕೂಡದು ಎಂಬ ನಿಯಮ ಅವರೇ ಮಾಡಿಸಿದ್ದು. ಅದಕ್ಕಾಗಿ ಶನಿವಾರದ ಮಧ್ಯಾಹ್ನವನ್ನು ಕಳೆದುಕೊಂಡು, ಪೇಪರಿನ ಪದಬಂಧ ಹಿಡಿದು ಕುಳಿತಿದ್ದರು.

ಕಟ್ಟಡ ಮೊದಲು ಬ್ಯಾಂಕಿನದಾಗಿತ್ತು. ದಾಖಲೆ ಕೋಣೆ ಆ ಕಾಲದ ತಿಜೋರಿ ಕೋಣೆ. ಗೋಡೆ ಒಂದು ಮೊಳ ದಪ್ಪ, ಬಾಗಿಲು ಉಕ್ಕಿನದು. ಕಿಟಕಿ ಇಲ್ಲ. ಸೂರಿನ ಹತ್ತಿರ ಗಾಳಿಗೆಂದು ಒಂದು ಕಿಂಡಿ ಇದೆ. ಎರಡೂ ತುದಿಗೆ ಸರಳು ಹಾಕಿದ ಆ ಕಿಂಡಿ ಹೊರಗೆ ವಾಹನಗಳು ಇಳಿಯುವ ಇಳಿಜಾರಿನ ಪಕ್ಕಕ್ಕೆ ಬಾಯಿ ಬಿಡುತ್ತದೆ. ಮೊಬೈಲ್ ಸಿಗ್ನಲ್ ಮೆಟ್ಟಿಲಿನ ತಿರುವಿನಲ್ಲೇ ಪ್ರಾಣ ಬಿಡುತ್ತದೆ.

ಐದು ಗಂಟೆಯೊಳಗೆ ಮನೆ ಸೇರಬೇಕು ಎಂದು ಗೊಂಚಲು ಬಂದ ಕೂಡಲೇ ಹೇಳಿದ್ದ. ಮೇಡಂ ತನಗೂ ಇಲ್ಲೇನು ಸಂಸಾರ ಇಲ್ಲವಲ್ಲ ಎಂದು ನಕ್ಕಿದ್ದರು. ಏಕೆ ಸೇರಬೇಕು ಎಂದು ಅವರು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಕಾರಣ ಅವನ ಅಮ್ಮ. ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ವಯಸ್ಸು ಕಳೆದವಳು. ಈಗ ಮರೆವು. ಹಗಲು ಹೊತ್ತು ನೋಡಿಕೊಳ್ಳಲು ಒಬ್ಬ ಹೆಂಗಸು ಬರುತ್ತಾಳೆ. ನಾಲ್ಕಕ್ಕೆ ಅವಳು ಹೊರಡುತ್ತಾಳೆ. ಹೊರಡುವಾಗ ಬಾಗಿಲಿಗೆ ಹೊರಗಿನಿಂದ ಬೀಗ ಹಾಕುತ್ತಾಳೆ. ಒತ್ತಿದರೆ ಬೀಳುವ ಬೀಗ. ತೆಗೆಯಲು ಕೀ ಬೇಕು, ಕೀ ಇರುವುದು ಅವನೊಬ್ಬನ ಹತ್ತಿರ. ಹಾಗೆ ಮಾಡದಿದ್ದರೆ ಅಮ್ಮ ಹೊರಟುಬಿಡುತ್ತಾಳೆ. ಎರಡು ಸಲ ಹೊರಟಿದ್ದಳು, ಎರಡನೆಯ ಸಲ ಹೆದ್ದಾರಿಯ ಪಕ್ಕದಲ್ಲಿ ಸಿಕ್ಕಿದಳು. ಗ್ಯಾಸ್ ಬಂದ್, ಬಚ್ಚಲಿನ ಚಿಲಕ ಕಿತ್ತಾಗಿದೆ, ಚಾಕು ಅಟ್ಟದ ಮೇಲೆ. ಹಗಲಿದ್ದಷ್ಟು ಹೊತ್ತು ಅವಳು ಬಾಗಿಲ ಪಕ್ಕದ ಕಿಟಕಿಯ ಬಳಿ ಕುಳಿತು ಪೇಪರನ್ನು ಚೂರು ಚೂರಾಗಿ ಹರಿಯುತ್ತಾಳೆ, ಅಷ್ಟೇ. ಕಿಟಕಿಯ ಹೊರಗೆ ಮೆಟ್ಟಿಲ ಮೇಲೆ ಬಿದ್ದ ಚೂರುಗಳನ್ನು ಅವನು ಸಂಜೆ ಗುಡಿಸುತ್ತಾನೆ. ಅಪಾಯವಿರುವುದು ಕತ್ತಲಿನಲ್ಲಿ. ಬೆಳಕು ಹೋದರೆ ಆ ಮನೆ ತನ್ನದೆಂದು ಅವಳಿಗೆ ಗುರುತು ಹತ್ತುವುದಿಲ್ಲ. ದೀಪ ಹಾಕಬೇಕೆಂದು ತೋಚುವುದಿಲ್ಲ. ಹೊರಗೆ ಹೋಗುವ ದಾರಿ ಹುಡುಕುತ್ತಾ ಗೋಡೆಗೂ ಕಪಾಟಿಗೂ ಡಿಕ್ಕಿ ಹೊಡೆಯುತ್ತಾಳೆ. ಹಿಂದೊಮ್ಮೆ ಬಸ್ಸು ಕೆಟ್ಟು ಅವನು ತಡವಾಗಿ ಹೋದಾಗ ಹಣೆ ಒಡೆದುಕೊಂಡು ನೆಲದ ಮೇಲೆ ಬಿದ್ದಿದ್ದಳು. ದೀಪ ಹೊತ್ತಿಸಿಟ್ಟು ಬಂದರೆ ಹಗಲಿನಲ್ಲೇ ಆರಿಸುತ್ತಾಳೆ. ದಂಡಕ್ಕೆ ದೀಪ ಉರಿಸಬಾರದು ಎಂಬುದೊಂದನ್ನು ಮಾತ್ರ ಅವಳು ಮರೆತಿಲ್ಲ.

ಈ ಬೀಗದ ವಿಷಯ ಅವನ ಅಕ್ಕನಿಗೆ ಗೊತ್ತಿಲ್ಲ ಎಂದು ಅವನು ನಂಬಿದ್ದ. ಹಣೆಗೆ ಹೊಲಿಗೆ ಬಿದ್ದಾಗ ಅಕ್ಕ, ಅಮ್ಮನನ್ನು ಕೂಡಿಹಾಕಿ ಬರ್ತೀಯೇನೋ ಎಂದು ಕೇಳಿದ್ದಳು. ಕೆಲಸದ ಹೆಂಗಸು ತಾನು ಬರುವವರೆಗೆ ಇರುತ್ತಾಳೆ ಎಂದು ಅವನು ಹೇಳಿದ್ದ. ತನ್ನ ಮನೆಗೆ ಕಳಿಸು ಎಂದಿದ್ದಕ್ಕೆ, ನಿನ್ನ ಮನೆಯಲ್ಲಿ ನಿಮಗೇ ಜಾಗವಿಲ್ಲ, ನನ್ನ ಅಮ್ಮನನ್ನು ನಾನು ನೋಡಿಕೊಳ್ಳಬಲ್ಲೆ ಎಂದುಬಿಟ್ಟಿದ್ದ. ನಿನಗೊಬ್ಬನಿಗೇ ಅಮ್ಮ ಅಲ್ಲ ಎಂದು ಹೇಳಿ ಹೋದ ಅಕ್ಕ ಆಮೇಲೆ ಅವನಿದ್ದಾಗ ಆ ಮನೆಗೆ ಬಂದಿರಲಿಲ್ಲ.

ಮೇಡಂ ಅವರ ಕಂಪ್ಯೂಟರ್‌ಗೆ ಪೆನ್‌ಡ್ರೈವ್ ಸಿಕ್ಕಿಸಿ ಗುಂಡಿ ಒತ್ತಿದ ಮೇಲೆ ಗೊಂಚಲಿಗೆ ಕೆಲಸವಿರಲಿಲ್ಲ. ರ‍್ಯಾಕ್‌ಗಳ ನಡುವೆ ಸುಮ್ಮನೆ ಸುತ್ತಾಡಿದ. ಕೊನೆಯ ರ‍್ಯಾಕಿನ ಹಿಂದೆ ನೆಲದ ಮೇಲೆ, ಧೂಳು ಹೊದ್ದು, ಇನ್ನೊಂದು ಡಬ್ಬವಿತ್ತು. ಸ್ಕ್ರೀನ್ ಇಲ್ಲ, ಕೀಬೋರ್ಡ್ ಇಲ್ಲ, ಮುಂದುಗಡೆ ಸಣ್ಣ ದೀಪವೊಂದು ಮಿನುಗುತ್ತಿತ್ತು. ಮೇಲೆ ಹಳೆಯ ಸಿಸ್ಟಂನ ಚೀಟಿ. ಯಾರೋ ಬಿಟ್ಟುಹೋದ ಕಂಪ್ಯೂಟರ್, ಸೋಮವಾರ ಇದೊಂದು ಉಳಿದರೆ ಮತ್ತೆ ಈ ನೆಲಮಾಳಿಗೆಗೆ ಇಳಿಯಬೇಕಾಗುತ್ತದೆ ಎಂದುಕೊಂಡ. ಆ ಮಾದರಿ ಅವನಿಗೆ ಪರಿಚಿತ. ಹೊತ್ತಿಸಿದ ಕೂಡಲೇ, ಹೇಳದಿದ್ದರೂ, ಮೊದಲು ಪೆನ್‌ಡ್ರೈವನ್ನೇ ನೋಡುವ ಜಾತಿ. ಸ್ಕ್ರೀನ್ ಇಲ್ಲದ್ದಕ್ಕೂ ಹಾಕಬಲ್ಲೆ ಎಂಬ ಮಾತನ್ನು ನಿಜ ಮಾಡಿ ತೋರಿಸುವ ಅವಕಾಶವೂ ಹೌದು. ಗುಂಡಿಯನ್ನು ಒತ್ತಿ ಹಿಡಿದು ಆರಿಸಿದ, ಪೆನ್‌ಡ್ರೈವ್ ಸಿಕ್ಕಿಸಿದ, ಮತ್ತೆ ಹೊತ್ತಿಸಿದ. ಮೇಡಂ ಆ ಹೊತ್ತಿನಲ್ಲಿ ಪದಬಂಧದ ಅಡ್ಡಸಾಲಿನಲ್ಲಿದ್ದರು.

ಮೊದಲು ಮೇಜಿನ ಕಂಪ್ಯೂಟರ್ ಮೂರು ಸಲ ಬೀಪ್ ಎಂದಿತು. ಸ್ವಲ್ಪ ಹೊತ್ತಿಗೆ ಹಿಂದಿನ ಡಬ್ಬವೂ ಎಂದಿತು. ಗೊಂಚಲು ಎರಡೂ ಪೆನ್‌ಡ್ರೈವ್ ಕಿತ್ತು ದಾರಕ್ಕೆ ಪೋಣಿಸಿಕೊಂಡ. ಗಂಟೆ ನಾಲ್ಕಾಗುತ್ತಿತ್ತು. ಮೇಡಂ ಚೀಲ ಹೆಗಲಿಗೆ ಹಾಕಿ, ಬಾಗಿಲ ಪಕ್ಕದ ಸಣ್ಣ ಪೆಟ್ಟಿಗೆಗೆ ತಮ್ಮ ಕಾರ್ಡ್ ತೋರಿಸಿದರು. ಎಂದಿನ ಹಸಿರು ದೀಪ ಬರಲಿಲ್ಲ. ಕೆಂಪೂ ಬರಲಿಲ್ಲ. ಕಾರ್ಡನ್ನು ಸೆರಗಿಗೆ ಒರೆಸಿ ಮತ್ತೆ ತೋರಿಸಿದರು.

“ನೀನು ಹಿಂದ್ಗಡೆ ಏನಾದ್ರೂ ಮಾಡ್ದೇನಪ್ಪಾ?”

“ಅಲ್ಲೊಂದು ಹಳೇ ಡಬ್ಬ ಇತ್ತಲ್ಲ ಮೇಡಂ, ಅದಕ್ಕೂ ಹಾಕ್ದೆ.”

“ಯಾವ ಡಬ್ಬ?”

“ಕೊನೇ ರ‍್ಯಾಕ್ ಹಿಂದೆ. ಸ್ಕ್ರೀನ್ ಇಲ್ದೇ ಇರೋದು.”

ಮೇಡಂ ಹಿಂದೆ ಸರಿದು ಕುರ್ಚಿ ತಡಕಿ ಕುಳಿತರು. “ಅದು ಬಾಗ್ಲು ಕಣಪ್ಪಾ,” ಎಂದರು.

ವಿಷಯ ಹೀಗಿತ್ತು. ಬಾಗಿಲಿನ ವಿದ್ಯುತ್ ಬೀಗ ಯಾರಿಗೆ ತೆರೆಯಬೇಕು, ಯಾರಿಗೆ ಬೇಡ ಎನ್ನುವುದನ್ನು ಆ ಡಬ್ಬ ಹೇಳುತ್ತಿತ್ತು. ಹೊರಗಿನ ಕಾರ್ಡ್ ಪೆಟ್ಟಿಗೆಯೂ ಒಳಗಿನದೂ ಅದನ್ನೇ ಕೇಳಬೇಕು. ಈಗ ಆ ಡಬ್ಬದಲ್ಲಿ ಹೊಚ್ಚಹೊಸ ಸಿಸ್ಟಂ ಇತ್ತು. ಬಾಗಿಲು ಎಂಬುದೊಂದು ಇದೆ ಎನ್ನುವುದೇ ಅದಕ್ಕೆ ತಿಳಿದಿರಲಿಲ್ಲ. ಅಳಿಸಿದ್ದನ್ನು ಮರಳಿ ತರುವ ದಾರಿ ಗೊಂಚಲಿನ ದಾರದಲ್ಲಿದ್ದ ಯಾವ ಪೆನ್‌ಡ್ರೈವ್‌ನಲ್ಲೂ ಇರಲಿಲ್ಲ. ಕರೆಂಟ್ ತೆಗೆದರೆ ಬೀಗ ಬಿಟ್ಟುಕೊಳ್ಳುತ್ತದೆಯೇ ಎಂದು ಕೇಳಿದ. ಇದು ತಿಜೋರಿ ಬಾಗಿಲು, ಕರೆಂಟ್ ಹೋದರೂ ಹಾಕಿಕೊಂಡೇ ಇರಬೇಕೆಂದು ಮಾಡಿಸಿದ್ದು ಎಂದು ಮೇಡಂ ಹೇಳಿದರು. ಒಳಗಿನಿಂದ ಒತ್ತಿ ತೆರೆಯುವ ಗುಂಡಿಯಾದರೂ ಇರಬೇಕಲ್ಲ ಎಂದ. ಮೇಡಂ ಬಾಗಿಲ ಚೌಕಟ್ಟಿನ ಕಡೆ ಕೈ ತೋರಿಸಿದರು. ಗುಂಡಿ ಇದ್ದ ಜಾಗದಲ್ಲಿ ಒಂದು ದುಂಡನೆಯ ಬಿಳಿ ಮುಚ್ಚಳವಿತ್ತು.

“ಒಂದ್ಸಲ ಒಂದು ಫೈಲ್ ಕಾಣೆಯಾಯ್ತು. ಒಳಗೆ ಬಂದವರ ಲೆಕ್ಕ ಇತ್ತು, ಹೋದವರದ್ದು ಇರ್ಲಿಲ್ಲ. ಹೋಗೋಕೂ ಕಾರ್ಡೇ ಇರ್ಲಿ ಅಂತ ಹಟ ಮಾಡಿ ಆ ಗುಂಡಿ ತೆಗೆಸ್ದೋಳು ನಾನೇ,” ಎಂದರು.

ಫೋನು ಇರಲಿಲ್ಲ. ಹಿಂದಿನ ವರ್ಷ ಮೇಜಿನ ಫೋನುಗಳನ್ನೆಲ್ಲ ಕಿತ್ತು, ಕರೆಗಳನ್ನು ಕಂಪ್ಯೂಟರ್ ಮೂಲಕವೇ ಮಾಡುವಂತೆ ಬದಲಿಸಿದ್ದರು. ಮೇಡಂ ಅವರ ಕಂಪ್ಯೂಟರ್ ಈಗ ಹೊಸದು; ಹೊಸ ಕಂಪ್ಯೂಟರನ್ನು ನೆಟ್‌ವರ್ಕ್ ವಿಭಾಗದವರು ನೋಡಿ ಒಪ್ಪುವ ತನಕ ಒಳಗೆ ಬಿಡುವುದಿಲ್ಲ; ಅವರು ನೋಡುವುದು ಸೋಮವಾರ. ಗೊಂಚಲು ಕೇಬಲ್ ಕಿತ್ತು ಸಿಕ್ಕಿಸಿದ, ಬೇರೆ ರಂಧ್ರಕ್ಕೆ ಸಿಕ್ಕಿಸಿದ. ಪ್ರತಿ ಸಲವೂ ಸ್ಕ್ರೀನಿನಲ್ಲಿ ಅದೇ ಸಾಲು: ಈ ಸಾಧನಕ್ಕೆ ಪ್ರವೇಶವಿಲ್ಲ. ಮುಖ್ಯಸ್ಥರು ನೆಟ್‌ವರ್ಕ್ ಮೂಲಕ ಹಾಕಲು ಬಿಟ್ಟಿದ್ದರೆ ಆ ಡಬ್ಬದ ಹೆಸರು ಮೊದಲೇ ಕಾಣುತ್ತಿತ್ತು, ಇದೆಲ್ಲ ಆಗುತ್ತಲೇ ಇರಲಿಲ್ಲ ಎಂದು ಅವನು ಬೈದುಕೊಂಡ. ಮುಖ್ಯಸ್ಥರು ಕೊಟ್ಟ ಪೆನ್‌ಡ್ರೈವ್ ಅಳಿಸುವ ಮೊದಲು ಕೇಳುತ್ತಿತ್ತು ಎಂಬುದೂ ಬೆನ್ನಿಗೇ ನೆನಪಾಗಿ, ಬೈಗುಳ ನಿಂತಿತು.

ಬ್ಯಾಂಕಿನ ಕಾಲದ ಉದ್ದನೆಯ ಕೀ ಏನಾಯಿತು ಎಂದು ಅವನು ಕೇಳಿದಾಗ ಮೇಡಂ ಎದ್ದು, ಮೇಜಿನ ಖಾನೆಯಿಂದ ಅದನ್ನು ತೆಗೆದು ಮುಂದಿಟ್ಟರು. ಹೊರಗೆಲ್ಲಾದರೂ ಇಟ್ಟರೆ ಯಾರಾದರೂ ಕದ್ದಾರು ಎಂದು ಇಲ್ಲೇ ಇಟ್ಟಿದ್ದರಂತೆ. ಗೊಂಚಲು ಅದನ್ನು ಕಿತ್ತುಕೊಂಡು ಬಾಗಿಲಿನತ್ತ ಓಡಿದ. ಬಾಗಿಲನ್ನು ಮೇಲಿನಿಂದ ಕೆಳಗಿನವರೆಗೆ ಅಂಗೈಯಿಂದ ಸವರಿದ. ನುಣ್ಣನೆಯ ಉಕ್ಕು.

“ಕೀ ಹಾಕೋ ತೂತು ಹೊರಗಡೆ ಮಾತ್ರ ಇರೋದು,” ಎಂದರು ಮೇಡಂ. “ತಿಜೋರಿಗೆ ಒಳಗಿಂದ ಬೀಗ ಯಾರ್ ತೆಗೀತಾರೆ?”

ಅವರು ಇನ್ನೂ ಅಷ್ಟೇನೂ ಗಾಬರಿಯಾಗಿರಲಿಲ್ಲ. ಗಾರ್ಡ್ ಗೇಟಿನಲ್ಲಿ ಕುಳಿತು ಕಿವಿಗೆ ವೈರು ಸಿಕ್ಕಿಸಿಕೊಂಡು ಪಂದ್ಯದ ಕಾಮೆಂಟರಿ ಕೇಳುತ್ತಿರುತ್ತಾನೆ, ಕೂಗಿದರೆ ಅವನಿಗೆ ಕೇಳಿಸದು. ಆದರೆ ಕತ್ತಲಾದ ಮೇಲೆ ಒಂದು ಸುತ್ತು ಬಂದೇ ಬರುತ್ತಾನೆ, ಅಲ್ಲಿಯವರೆಗೆ ಕುಳಿತಿರೋಣ ಎಂದರು. ಬಾಟಲಿಯಲ್ಲಿ ನೀರಿದೆ, ಗಾಳಿ ಬರುತ್ತಿದೆ, ಪದಬಂಧ ಅರ್ಧ ಉಳಿದಿದೆ. ಗೊಂಚಲು ಕತ್ತಲು ಎಂಬ ಮಾತನ್ನಷ್ಟೇ ಕೇಳಿಸಿಕೊಂಡ. ಅವನು ಮುಷ್ಟಿಯಿಂದ ಬಾಗಿಲು ಗುದ್ದಿದ. ಆಮೇಲೆ ಕುರ್ಚಿಯ ಕಾಲಿನಿಂದ. ಶಬ್ದ ಕೋಣೆಯೊಳಗೇ ಸುತ್ತಿ ಅವರಿಬ್ಬರ ಕಿವಿಗೇ ವಾಪಸು ಬಂತು. ರ‍್ಯಾಕ್ ಹತ್ತಿ ಕಿಂಡಿಯೊಳಗೆ ತೋಳು ತೂರಿಸಿ ಮೊಬೈಲ್ ಹಿಡಿದ. ಸಿಗ್ನಲ್ ಇಲ್ಲ. ಕಿಂಡಿಯ ಆಚೆ ತುದಿಯಲ್ಲಿ, ಇಳಿಜಾರಿನ ಸಿಮೆಂಟಿನ ಮೇಲೆ ಬಿಸಿಲಿನ ಪಟ್ಟಿಯೊಂದು ಬಿದ್ದಿತ್ತು. ಅದು ಹಳದಿಯಾಗತೊಡಗಿತ್ತು. ಅವನು ಇಳಿದು ಮತ್ತೆ ಬಾಗಿಲು ಗುದ್ದಿದ.

“ಕೈ ಮುರ್ಕೋತೀಯ. ಐದಕ್ಕೆ ಹೋಗ್ದಿದ್ರೆ ಏನು, ಹೆಂಡ್ತಿ ಮನೆಗೆ ಸೇರಿಸಲ್ವಾ?”

ಆಗ ಅವನು ಹೇಳಿದ. ನಿಂತುಕೊಂಡೇ, ಬಾಗಿಲಿನ ಕಡೆ ಮುಖ ಮಾಡಿಕೊಂಡೇ ಹೇಳಿದ. ಮರೆವಿನ ವಿಷಯ, ನಾಲ್ಕಕ್ಕೆ ಹೊರಡುವ ಹೆಂಗಸಿನ ವಿಷಯ, ಹಣೆಯ ಹೊಲಿಗೆಯ ವಿಷಯ. ಬೀಗದ ವಿಷಯಕ್ಕೆ ಬಂದಾಗ ದಾರದಲ್ಲಿದ್ದ ಕೀಯನ್ನು ಮುಷ್ಟಿಯೊಳಗೆ ಮಾಡಿಕೊಂಡ.

“ಹೊರಗಿಂದ ಹಾಕೋದಾ?”

“ಒಳಗಿಂದ ಹಾಕಿದ್ರೆ ಅವಳೇ ತೆಗೀತಾಳಲ್ಲ ಮೇಡಂ.”

ಮೇಡಂ ಆ ಬಿಳಿ ಮುಚ್ಚಳವನ್ನು ಸ್ವಲ್ಪ ಹೊತ್ತು ನೋಡುತ್ತಾ ಕುಳಿತರು. ಪದಬಂಧವನ್ನು ಮಡಿಸಿ ಚೀಲಕ್ಕೆ ಹಾಕಿದರು. ಆಮೇಲೆ, ಆ ಗಾರ್ಡಿಗೆ ಕಿವಿ ಕೇಳಿಸದಿದ್ದರೂ ಕಣ್ಣು ಚೆನ್ನಾಗಿದೆ, ಇಳಿಜಾರಿನಲ್ಲಿ ಒಂದು ಚೂರು ಕಾಗದ ಬಿದ್ದಿದ್ದರೂ ಗೇಟಿನಿಂದಲೇ ಕಂಡು ಬೈಯುತ್ತಾ ಬರುತ್ತಾನೆ ಎಂದರು.

ಕಾಗದಕ್ಕೆ ಆ ಕೋಣೆಯಲ್ಲಿ ಬರವಿರಲಿಲ್ಲ. ಆದರೆ ಹೊರಗೆ ಹಾಕಬಹುದಾದ ಕಾಗದ ಯಾವುದು ಎನ್ನುವುದು ಸುಲಭವಾಗಿ ತೀರ್ಮಾನವಾಗಲಿಲ್ಲ. ಗೊಂಚಲು ಕೈಗೆ ಸಿಕ್ಕ ಕಟ್ಟನ್ನು ಎಳೆದರೆ ಮೇಡಂ ತಡೆದರು. ಅದು ಇನ್ನೂ ವಿಲೇವಾರಿಯಾಗದ ಕಡತ. ಇನ್ನೊಂದನ್ನು ಎಳೆದರೆ ಅದು ಶಾಶ್ವತ ದಾಖಲೆ. ಇಷ್ಟು ವರ್ಷ ಒಂದು ಹಾಳೆ ಈ ಕೋಣೆಯಿಂದ ಆಚೆ ಹೋಗದಂತೆ ಕಾಯ್ದವರು ಕನ್ನಡಕ ಹಾಕಿಕೊಂಡು ಒಂದೊಂದೇ ಕಟ್ಟು ಬಿಚ್ಚಿ ನೋಡಿ ಮತ್ತೆ ಕಟ್ಟಿಡುತ್ತಿದ್ದರೆ, ಗೊಂಚಲು ರ‍್ಯಾಕಿನ ಮೇಲೆ ನಿಂತು ಬಿಸಿಲಿನ ಪಟ್ಟಿ ಗೋಡೆ ಹತ್ತುವುದನ್ನು ನೋಡುತ್ತಿದ್ದ. ಬೇಗ ಕೊಡಿ ಎಂದು ಒಮ್ಮೆ ಬೇಡಿದ, ಇನ್ನೊಮ್ಮೆ ಗದರಿದ. ಕೊನೆಗೆ ಅವರು ನಾಶಪಡಿಸಲು ಅನುಮತಿ ಸಿಕ್ಕಿದ್ದ ಹಾಜರಿ ಪ್ರತಿಗಳ ಕಟ್ಟೊಂದನ್ನು ಹುಡುಕಿ ತಂದು, ಅದರ ಮೇಲೂ ಒಮ್ಮೆ ಕಣ್ಣಾಡಿಸಿ, ನಿಟ್ಟುಸಿರಿಟ್ಟು ಅವನ ಕೈಗೆ ಕೊಟ್ಟರು.

ಗೊಂಚಲು ಹಾಳೆಗಳನ್ನು ಒಂದೊಂದಾಗಿ ಸರಳಿನ ನಡುವೆ ತೂರಿಸಿ, ಮೇಡಂ ಕೊಟ್ಟ ಉದ್ದನೆಯ ಅಳತೆಕೋಲಿನಿಂದ ಆಚೆಗೆ ತಳ್ಳಿದ. ಕೆಲವು ಕಿಂಡಿಯ ಬಾಯಲ್ಲೇ ಸಿಕ್ಕಿಕೊಂಡವು. ಕೆಲವು ಜಾರಿ ಬಿದ್ದು ಇಳಿಜಾರಿನಲ್ಲಿ ಹರಡಿದವು. ಮೊದಮೊದಲು ಬಿಳಿಯಾಗಿ ಕಂಡ ಹಾಳೆಗಳು ಬರುಬರುತ್ತಾ ಬೂದುಬಣ್ಣಕ್ಕೆ ತಿರುಗಿದವು. ಬಿಸಿಲಿನ ಪಟ್ಟಿ ಎಲ್ಲೂ ಇರಲಿಲ್ಲ. ಕಟ್ಟು ಮುಗಿಯುವಷ್ಟರಲ್ಲಿ ಹೊರಗೆ ಬೂಟಿನ ಸದ್ದಾಯಿತು.

“ಯಾರ್ರೀ ಅದು ಕಸ ಹಾಕ್ತಿರೋದು? ಆಮೇಲೆ ಬೈಸ್ಕೊಳ್ಳೋನು ನಾನು.”

“ನಾನಪ್ಪಾ. ರೆಕಾರ್ಡು,” ಎಂದು ಮೇಡಂ ಕೆಳಗಿನಿಂದಲೇ ಕೂಗಿದರು.

ಗಾರ್ಡ್ ಬಗ್ಗಿ ಕಿಂಡಿಗೆ ಮುಖ ಕೊಟ್ಟ. ಅವರು ಒಳಗೆ ಸಿಕ್ಕಿಕೊಂಡಿದ್ದಾರೆ ಎನ್ನುವುದಕ್ಕಿಂತ ರೆಕಾರ್ಡು ಮೇಡಂ ಕಾಗದ ಹೊರಗೆ ಎಸೆದರು ಎನ್ನುವುದೇ ಅವನಿಗೆ ದೊಡ್ಡ ಸುದ್ದಿಯಾಗಿತ್ತು. ಆ ಆಶ್ಚರ್ಯ ಇಳಿಯುವವರೆಗೆ ಕಾದು, ಗೊಂಚಲು ತಿಜೋರಿಯ ಕೀಯನ್ನು ಅಳತೆಕೋಲಿನಿಂದ ತಳ್ಳಿದ. ಗಾರ್ಡ್ ಅದನ್ನು ಹಿಡಿದು ಸುತ್ತು ಹಾಕಿ ಕೆಳಗಿಳಿದು ಬಂದ. ಬಾಗಿಲ ಆಚೆ ಕೆರೆಯುವ ಸದ್ದು ಅಸ್ಪಷ್ಟವಾಗಿ ಕೇಳಿತು, ನಿಂತಿತು, ಮತ್ತೆ ಕೇಳಿತು. ಆಮೇಲೆ ಬೂಟುಗಳು ಮತ್ತೆ ಕಿಂಡಿಯ ಹತ್ತಿರ ಬಂದವು. ಕೀ ಹಾಕುವ ತೂತಿನೊಳಗೆಲ್ಲ ಬಣ್ಣ ಮೆತ್ತಿದೆ, ಕೀ ಅರ್ಧಕ್ಕಿಂತ ಮುಂದೆ ಹೋಗುತ್ತಿಲ್ಲ, ಬೀಗ ರಿಪೇರಿಯವನನ್ನು ಕರೆದಿದ್ದೇನೆ, ಆಚೆ ಬಡಾವಣೆಯಿಂದ ಬರಬೇಕು, ಹೊತ್ತಾಗುತ್ತದೆ ಎಂದು ವರದಿ ಒಪ್ಪಿಸಿದ.

ಗೊಂಚಲು ದಾರದಲ್ಲಿದ್ದ ಕೀಯನ್ನು ಮುಟ್ಟಿ ನೋಡಿಕೊಂಡ. ಮನೆಯ ಕೀಯನ್ನೂ ಹೀಗೇ ಆಚೆ ತಳ್ಳಬಹುದು. ಆದರೆ ಗಾರ್ಡ್ ಗೇಟು ಬಿಟ್ಟು ಹೋಗುವ ಹಾಗಿಲ್ಲ. ಆ ಬೀದಿಯಲ್ಲಿ ತಾನು ಹೀಗೆ ಬೀಗ ಹಾಕಿ ಬರುತ್ತೇನೆ ಎಂದು ತಿಳಿದವರು ಯಾರೂ ಇಲ್ಲದಂತೆ ಅವನೇ ನೋಡಿಕೊಂಡಿದ್ದ. ಅವನು ಮೊಬೈಲ್ ತೆಗೆದು ಅಕ್ಕನ ನಂಬರ್ ಓದಿ ಹೇಳಿದ. ಗಾರ್ಡ್ ತನ್ನ ಫೋನಿನಲ್ಲಿ ಒತ್ತಿದ.

“ಎತ್ತಿದ್ರು. ಏನು ಹೇಳ್ಲಿ?”

“ಅಮ್ಮ ಮನೇಲಿ ಒಬ್ಳೇ ಇದ್ದಾಳೆ ಅಂತ ಹೇಳಿ. ಹೊರಗಿಂದ ಬೀಗ ಹಾಕಿದೆ ಅಂತ.”

ಗಾರ್ಡ್ ಅದನ್ನು ಗೇಟಿನವರೆಗೂ ಕೇಳುವ ದನಿಯಲ್ಲಿ ಫೋನಿಗೆ ಹೇಳಿದ. ನಿಮ್ಮ ತಮ್ಮ ಇಲ್ಲಿ ತಿಜೋರಿಯಲ್ಲಿದ್ದಾರೆ, ನಿಮ್ಮ ತಾಯಿ ಅಲ್ಲಿ ಬೀಗದೊಳಗಿದ್ದಾರಂತೆ ಎಂದು ತನ್ನದನ್ನೂ ಸೇರಿಸಿದ. ಆಮೇಲೆ ಬಹಳ ಹೊತ್ತು ಹೂಂ, ಹೂಂ ಎನ್ನುತ್ತಾ ಕೇಳಿಸಿಕೊಂಡ.

“ಗೊತ್ತು ಅಂತಾರೆ.”

“ಏನು ಗೊತ್ತು?”

“ಅವ್ರು ಅಲ್ಲೇ ಇದ್ದಾರಂತೆ, ನಿಮ್ಮನೆ ಮೆಟ್ಲ ಮೇಲೆ. ಶನಿವಾರ ಶನಿವಾರ ಬರ್ತಾರಂತೆ. ಕಿಟಕೀಲಿ ಮಾತಾಡ್ಕೊಂಡು ಕೂತಿದ್ದು, ನೀವು ಬರೋ ಹೊತ್ತಿಗೆ ಎದ್ದು ಹೋಗ್ತಾರಂತೆ.” ಗಾರ್ಡ್ ಮತ್ತೆ ಫೋನಿಗೆ ಕಿವಿ ಕೊಟ್ಟ. “ಅಮ್ಮ ಪ್ರತೀ ಸಲ ಟಿಕೆಟ್ ಹರಿದು ಕೊಡ್ತಾಳೆ, ಬಸ್ಸು ಮಾತ್ರ ಬರಲ್ಲ ಅಂತ ಹೇಳಿ ಅಂದ್ರು. ಅದೇನೋ ನಂಗರ್ಥ ಆಗ್ಲಿಲ್ಲ.”

ಗೊಂಚಲಿಗೆ ಅರ್ಥವಾಯಿತು. ಶನಿವಾರಗಳಲ್ಲಿ ಚೂರುಗಳು ಹೆಚ್ಚಿರುತ್ತಿದ್ದವು. ಅಮ್ಮನ ಹುಚ್ಚು ಜಾಸ್ತಿಯಾಯಿತು ಎಂದುಕೊಂಡು, ಹಳೆಯ ಪೇಪರುಗಳನ್ನು ಅವಳ ಕೈಗೆ ಸಿಗದಂತೆ ಎತ್ತಿಡಲು ಹೋದ ವಾರವಷ್ಟೇ ಕೆಲಸದವಳಿಗೆ ಹೇಳಿದ್ದ.

ಫೋನಿನಲ್ಲಿ ಅಕ್ಕ ಮತ್ತೇನೋ ಹೇಳುತ್ತಿದ್ದಳು. ಗಾರ್ಡಿನ ದನಿ ತಗ್ಗಿತು. ಅಲ್ಲಿ ಕತ್ತಲಾಗುತ್ತಿದೆ, ಇಷ್ಟು ಹೊತ್ತು ಕಿಟಕಿಯಲ್ಲಿದ್ದ ತಾಯಿ ಎದ್ದು ಒಳಗೆ ಹೋಗಿದ್ದಾರೆ, ಕರೆದರೆ ಓಗೊಡುತ್ತಿಲ್ಲ, ಒಳಗೆ ಏನೋ ಬಿದ್ದ ಸದ್ದಾಯಿತು ಎಂದ. “ಕೀ ಬರತ್ತಾ, ಇಲ್ಲ ಬೀಗ ಒಡೀಲಾ ಅಂತ ಕೇಳ್ತಿದ್ದಾರೆ.”

“ಒಡೀಲಿ,” ಎಂದ ಗೊಂಚಲು. “ಈಗ್ಲೇ ಒಡೀಲಿ ಅಂತ ಹೇಳಿ. ಫೋನು ಇಲ್ಲಿ ಹಿಡೀರಿ.”

ಗಾರ್ಡ್ ಸ್ಪೀಕರ್ ಹಾಕಿ, ತೋಳು ಚಾಚಿ ಕಿಂಡಿಯ ಹೊರಬಾಯಿಗೆ ಫೋನು ಹಿಡಿದ. ಗೊಂಚಲು ಈಚೆಯ ಸರಳಿಗೆ ಕಿವಿ ಒತ್ತಿದ. ಮೊದಲು ಬರೀ ಗರಗರ. ಅಕ್ಕ ಯಾರನ್ನೋ ಸುತ್ತಿಗೆ ಕೇಳುತ್ತಿದ್ದಳು. ಎದುರು ಮನೆಯ ಗಂಡಸಿನ ದನಿ, ಏನಾಯ್ತು ಎಂದು. ಆ ಮನೆಯ ಬಾಗಿಲು ತೆರೆಯುವ ಸದ್ದು, ಓಡುವ ಸದ್ದು. ಆಮೇಲೆ ಏಟುಗಳು. ಆ ಬೀಗವನ್ನು ಅವನು ಅಂಗಡಿಯಲ್ಲಿ ಎರಡು ಮೂರು ಹೋಲಿಸಿ ನೋಡಿ, ಗಟ್ಟಿಯಾದದ್ದನ್ನೇ ಆರಿಸಿ ತಂದಿದ್ದ. ಒಡೆಯಲು ಬಹಳ ಹೊತ್ತು ಹಿಡಿಯಿತು. ಪ್ರತಿ ಏಟಿಗೂ ಅವನ ಹಿಡಿತದಲ್ಲಿದ್ದ ಸರಳು ಕೂಡ ಅಲುಗಿದಂತೆ ಅನಿಸುತ್ತಿತ್ತು.

ಬೀಗ ಬಿದ್ದದ್ದು ಕೇಳಿತು. ಅಕ್ಕ, ಅಮ್ಮಾ ಎಂದಳು. ಅಮ್ಮಾ, ಲೈಟ್ ಹಾಕ್ತಿದ್ದೀನಿ, ಕಣ್ಮುಚ್ಕೋ. ಬಿದ್ದದ್ದು ಸ್ಟೂಲು ಕಣೋ, ಅವಳಲ್ಲ, ಗೋಡೆ ಹಿಡ್ಕೊಂಡು ನಿಂತಿದ್ದಾಳೆ, ಏನಾಗಿಲ್ಲ, ಎಂದು ಅವಳು ಫೋನಿಗೆ ಹೇಳುವಾಗ ದನಿ ಒಡೆಯಿತು. ತಮ್ಮನನ್ನು ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗನ್ನಿಸಿತು. ತಗೋ, ನಿನ್ನ ಮಗ ಎಂದು ಅವಳು ಫೋನನ್ನು ಅಮ್ಮನಿಗೆ ಕೊಟ್ಟಳು.

“ಎಲ್ಲಿಗೆ?” ಎಂದಳು ಅಮ್ಮ. ದಿನಾ ಸಂಜೆ ಅವನು ಬಾಗಿಲು ತೆರೆದಾಗಲೂ ಅವಳು ಕೇಳುವುದು ಅದನ್ನೇ.

“ಎಲ್ಲಿಗೂ ಇಲ್ಲಮ್ಮ. ಆಫೀಸಲ್ಲೇ ಇದ್ದೀನಿ. ಬಾಗ್ಲು ತೆಗೀತಿಲ್ಲ.”

“ಹೊರಗಿಂದ ಹಾಕಿದ್ದಾರಾ?”

ಗೊಂಚಲು “ಹೂಂ,” ಎಂದ.

“ಹಾಕ್ತಾರೆ,” ಎಂದಳು ಅಮ್ಮ, ಅದು ಎಲ್ಲರ ಮನೆಯಲ್ಲೂ ನಡೆಯುವಂಥದ್ದು ಎಂಬಂತೆ. “ಬಾಗ್ಲಿಗೆ ಮುಖ ಮಾಡ್ಕೊಂಡು ಕೂರ್ಬೇಡ. ಹೊತ್ತೇ ಹೋಗಲ್ಲ. ಬೆನ್ನು ಕೊಟ್ಟು ಕೂತ್ಕೋ. ಯಾರಾದ್ರೂ ಬಂದ್ರೆ ಬೆನ್ನಿಗೇ ಗೊತ್ತಾಗತ್ತೆ.”

ಆಮೇಲೆ ಅವಳು ಫೋನನ್ನು ಎಲ್ಲೋ ಇಟ್ಟಳು. ಅದರಿಂದ ಪಾತ್ರೆಯ ಸದ್ದು, ಅಕ್ಕ ನಲ್ಲಿ ತಿರುಗಿಸಿದ ಸದ್ದು ಬರುತ್ತಿತ್ತು. ಗಾರ್ಡ್ ತೋಳು ನೋಯುತ್ತದೆ ಎಂದು ಫೋನು ಹಿಂದಕ್ಕೆ ಎಳೆದುಕೊಂಡ. ಬೀಗದವನನ್ನು ಗೇಟಿನಲ್ಲಿ ಕಾಯುತ್ತೇನೆ ಎಂದು ಹೇಳಿ, ಬಿದ್ದ ಹಾಳೆಗಳನ್ನು ಆರಿಸಿಕೊಳ್ಳುತ್ತಾ ಹೋದ.

ಗೊಂಚಲು ರ‍್ಯಾಕಿನಿಂದ ಇಳಿದ. ಮೇಡಂ ಕುರ್ಚಿಯಲ್ಲಿರಲಿಲ್ಲ. ನೆಲದ ಮೇಲೆ ಪೇಪರ್ ಹಾಸಿ, ಉಕ್ಕಿನ ಬಾಗಿಲಿಗೆ ಬೆನ್ನು ಕೊಟ್ಟು, ಕಾಲು ಚಾಚಿ ಕುಳಿತಿದ್ದರು. ಪಕ್ಕದಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದರು. ಅವನು ಸೊಂಟದ ದಾರ ಬಿಚ್ಚಿ ಪೆನ್‌ಡ್ರೈವ್‌ಗಳನ್ನೂ ಕೀಯನ್ನೂ ನೆಲದ ಮೇಲಿಟ್ಟು ಕುಳಿತ. ಎದುರಿಗೆ, ರ‍್ಯಾಕುಗಳ ಸಂದಿಯಲ್ಲಿ, ಆ ಡಬ್ಬದ ದೀಪ ಮಿನುಗುತ್ತಲೇ ಇತ್ತು. ಸ್ಕ್ರೀನ್ ಇದ್ದಿದ್ದರೆ ಅದರ ಮೇಲೆ ಸ್ವಾಗತ ಎಂದು ಬರೆದಿರುತ್ತಿತ್ತು.

ಉಕ್ಕು ತಣ್ಣಗಿತ್ತು. ಅಂಗಿ ದಾಟಿ ಬೆನ್ನಿಗೆ ಹತ್ತುತ್ತಿತ್ತು. ಬಹಳ ಹೊತ್ತಿನ ಮೇಲೆ, ಕಿವಿಗೆ ಇನ್ನೂ ಏನೂ ಕೇಳಿಸುವ ಮೊದಲೇ, ಅವನ ಬೆನ್ನಿಗೆ ಗೊತ್ತಾಯಿತು.